ಆಜೀವ ಮಾಜಿ

ಮಂತ್ರಿಗಿರಿ ಹೋದರೆ ಮಾಜಿ ಮಂತ್ರಿ, ಶಾಸಕಗಿರಿ ಹೋದರೆ ಮಾಜಿ ಶಾಸಕ. ಅವರಿಗೆ ಮುಂದಿನ ಚುನಾವಣೆಯ ಆಸೆಯಾದರೂ ಉಂಟು. ಅಂತರರಾಷ್ಟ್ರೀಯ ವಿದ್ಯಾರ್ಥಿ ಸಂಘದ ಮಾಜಿಗೆ ಅದೂ ಇಲ್ಲ, ವಯಸ್ಸು ಹಿಂದಕ್ಕೆ ಓಡುವುದಿಲ್ಲವಲ್ಲ. ಆದರೂ ಜಾಗ ಬಿಡದೆ ಕೂರುವುದರಲ್ಲಿ ಆ ಇಬ್ಬರೂ ಇವರ ಹತ್ತಿರ ಪಾಠ ಹೇಳಿಸಿಕೊಳ್ಳಬೇಕು.

ಹುಡುಗ ಹುಡುಗಿಯರನ್ನು ಸ್ವಯಂಸೇವೆಗೆ, ಇಂಟರ್ನ್‌ಶಿಪ್ಪಿಗೆ ಪರದೇಶಕ್ಕೆ ಕಳಿಸುವ ಐಸೆಕ್ ಸಂಘವನ್ನೇ ನೋಡಿ. ಮಹಾಯುದ್ಧ ಮುಗಿದು ಮೂರೇ ವರ್ಷಕ್ಕೆ, 1948ರಲ್ಲಿ, ಯುರೋಪಿನ ಏಳು ದೇಶಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದು. ಉದ್ದನೆಯ ಫ್ರೆಂಚ್ ಹೆಸರೊಂದರ ಮೊದಲಕ್ಷರಗಳು ಕೂಡಿ ಆದ ಹೆಸರು. ಈಗ ಬಿಡಿಸಿ ಹೇಳುವ ಕಷ್ಟವನ್ನು ಸಂಘವೇ ಕೈಬಿಟ್ಟಿದೆ. ಬೆಂಗಳೂರಿನಲ್ಲೂ ಶಾಖೆಯಿದೆ. ಸದಸ್ಯರಾಗಲು ವಯಸ್ಸು 18ರಿಂದ 30, ಹುದ್ದೆಯ ಅವಧಿ ಒಂದು ವರ್ಷ. ಇಂಥ ಸಂಘಗಳ ಪ್ರಹಸನವೆಲ್ಲ ಈ ಎರಡು ಲೆಕ್ಕದಲ್ಲೇ ಇದೆ. ವರ್ಷ ತಿರುಗಿದರೆ ಸಂಘಕ್ಕೆ ಏನೂ ನೆನಪಿರುವುದಿಲ್ಲ; ಮೂವತ್ತು ದಾಟಿದವರಿಗೆ ಏನೂ ಮರೆಯುವುದಿಲ್ಲ.

ಹೊಸ ತಂಡ ಬಂದ ಮೊದಲ ತಿಂಗಳಲ್ಲೇ ಹಳಬರ ಸಂಪರ್ಕದ ಉಪಾಧ್ಯಕ್ಷೆಗೆ (ಇಪ್ಪತ್ತು ವರ್ಷ, ಈ ಸಂಘಗಳಲ್ಲಿ ಬರಿಯ ಸದಸ್ಯರು ಸಿಗುವುದು ಅಪರೂಪ, ಉಪಾಧ್ಯಕ್ಷರು ಧಾರಾಳ) ಒಂದು ಜ್ಞಾನೋದಯವಾಗುತ್ತದೆ: ಹಳಬರ ಪಟ್ಟಿಯೇ ಇಲ್ಲ! ಹೋದ ವರ್ಷದ ಉಪಾಧ್ಯಕ್ಷನಿಗೂ ಇದೇ ತಿಂಗಳಲ್ಲಿ ಇದೇ ಜ್ಞಾನೋದಯವಾಗಿತ್ತು. ಕೂಡಲೇ ಗೂಗಲ್ ಫಾರಂ ಹೊರಡುತ್ತದೆ. ಹೆಸರು, ಬ್ಯಾಚು, ಹಿಂದಿನ ಹುದ್ದೆ, ಈಗಿನ ಕಂಪನಿ, ಟೀ ಶರ್ಟಿನ ಸೈಜು. ಟೀ ಶರ್ಟು ಮಾತ್ರ ಯಾರಿಗೂ ಬರುವುದಿಲ್ಲ. ಸೈಜನ್ನು ವರ್ಷವರ್ಷವೂ ಕೇಳುವುದರಿಂದ ಒಂದು ತಲೆಮಾರು ಮೀಡಿಯಮ್‌ನಿಂದ ಡಬಲ್ ಎಕ್ಸೆಲ್‌ಗೆ ಸಾಗಿದ ದಾಖಲೆಯಾದರೂ ಸಿಗಬೇಕಿತ್ತು. ಅದೂ ಸಿಗುವುದಿಲ್ಲ. ಪಟ್ಟಿ ಮಾಡಿದ್ದು ಕಾಲೇಜು ಕೊಟ್ಟ ಗೂಗಲ್ ಖಾತೆಯಲ್ಲಿ. ಅಲ್ಲಿಂದ ಸ್ವಂತ ಜಿಮೇಲಿಗೆ ಕಡತದ ಮಾಲೀಕತ್ವ ವರ್ಗಾಯಿಸಲು ಬರುವುದಿಲ್ಲ. ಹುಡುಗ ಪಾಸಾಗುತ್ತಾನೆ, ಕಾಲೇಜು ಖಾತೆ ಅಳಿಸುತ್ತದೆ. ಅಳಿಸಿದ ಖಾತೆಯನ್ನು ಎಬ್ಬಿಸಲು ಕಾಲೇಜಿನ ಅಡ್ಮಿನ್‌ಗೆ ಇರುವುದು 20 ದಿನ. ಆ ಇಪ್ಪತ್ತು ದಿನ ಇಡೀ ತಂಡ ಪರೀಕ್ಷೆ ಮುಗಿಸಿ ಗೋಕರ್ಣದಲ್ಲಿರುತ್ತದೆ. ಪಟ್ಟಿಯ ಒಂದು ಪ್ರತಿಯನ್ನು ಸಂಘದ ಹೆಸರಿನ ಖಾತೆಗೆ ಇಳಿಸಿಕೊಳ್ಳುವುದು ಎರಡು ನಿಮಿಷದ ಕೆಲಸ. ಎರಡು ನಿಮಿಷದ ಕೆಲಸಕ್ಕೆ ಉಪಾಧ್ಯಕ್ಷರಿರುವುದಿಲ್ಲ.

ಅಳಿದುಳಿದ ವಿಳಾಸಗಳಲ್ಲೂ ಅರ್ಧಕ್ಕರ್ಧ ಕಾಲೇಜಿನ ಇಮೇಲುಗಳೇ, ಅಂದರೆ ತೀರಿಹೋದವು. ಇನ್ನೂ ಜೀವ ಹಿಡಿದಿರುವುದು ಯಾಹೂ ಕಾಲದ ಹಿರಿಯರದು. ಹೀಗಾಗಿ ಆಹ್ವಾನಗಳೆಲ್ಲ ತಲುಪುವುದು, ಮೊಮ್ಮಕ್ಕಳನ್ನು ಎಲ್‌ಕೆಜಿಗೆ ಬಿಡಲು ಹೋಗುವವರಿಗೆ. ಪಟ್ಟಿಯ ಹೆಸರುಗಳನ್ನು ಪತ್ರಕ್ಕೆ ಕಂಪ್ಯೂಟರೇ ತುಂಬುವಾಗ ಹಾಳೆಯಲ್ಲಿನ ಕಾಲಮ್ಮಿನ ಹೆಸರೂ ಪತ್ರದಲ್ಲಿನ ಗುರುತೂ ಒಂದೇ ಇಲ್ಲದ ಕಾರಣ, ಅವರು ಓದುವ ಮೊದಲ ಸಾಲು 'ಪ್ರಿಯ ಫಸ್ಟ್ ನೇಮ್' ಎಂದಿರುತ್ತದೆ.

ಈ ಹಿರಿಯರೂ ಕಡಿಮೆಯವರಲ್ಲ. ಸ್ವಯಂಸೇವೆಗೆ ಪರದೇಶಕ್ಕೆ ಕಳಿಸುವ ಕಾರ್ಯಕ್ರಮಕ್ಕೆ ಹೊಸಬರು 'ಗ್ಲೋಬಲ್ ವಾಲಂಟಿಯರ್' ಎಂದರೆ ಇವರು 'ಓ, ನಮ್ಮ ಜಿಸಿಡಿಪಿ' ಎನ್ನುತ್ತಾರೆ. ಹುಡುಗನಿಗೂ ಪರದೇಶದ ಕೆಲಸಕ್ಕೂ ಜೋಡಿ ಕೂಡಿದರೆ ಹೊಸಬರು ಅದನ್ನು 'ಅಪ್ರೂವಲ್' ಎಂದು ಎಣಿಸುತ್ತಾರೆ, ಇವರು 'ಮ್ಯಾಚ್ ಎಷ್ಟಾಯಿತು?' ಎಂದು ಕೇಳುತ್ತಾರೆ. ಹುಡುಗನನ್ನು ಪರದೇಶಕ್ಕೆ ಕಳಿಸುವ ಕೆಲಸ ಅದೇ, ವೀಸಾಕ್ಕೆ ಆಹ್ವಾನಪತ್ರ ತಡವಾಗುವುದೂ ಅದೇ. ಬದಲಾದದ್ದು ಹೆಸರು, ಬಣ್ಣ, ಪವರ್‌ಪಾಯಿಂಟು. ಆದರೂ ಎರಡೂ ಕಡೆಯವರಿಗೆ ದುಭಾಷಿ ಬೇಕು.

1985ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಎಇಜಿಇಇ ಎಂಬ ವಿದ್ಯಾರ್ಥಿ ಸಂಘದವರು ಈ ವಿಷಯದಲ್ಲಿ ಪ್ರಾಮಾಣಿಕರು. ಅವರ ಹಳಬರ ಕೂಟದ ಫ್ರೆಂಚ್ ಹೆಸರನ್ನು ಕನ್ನಡಿಸಿದರೆ 'ಪುರಾತನರು' ಎಂದಾಗುತ್ತದೆ. ನಮ್ಮಲ್ಲಿ ಪುರಾತನರು ಅರವತ್ತಮೂವರು ಮಾತ್ರ. ಅರವತ್ತನಾಲ್ಕನೆಯ ಸ್ಥಾನಕ್ಕೆ ಇಲ್ಲಿನ ವಾಟ್ಸಾಪ್ ಗುಂಪೊಂದರಲ್ಲೇ ಇನ್ನೂರು ಅರ್ಜಿಗಳಿವೆ.

ಹಳಬರ ಉತ್ಸಾಹ ಉಕ್ಕುವುದು ಚುನಾವಣೆಯ ರಾತ್ರಿ. ಅಧ್ಯಕ್ಷಗಿರಿಗೆ ನಿಂತ ಹುಡುಗಿಯನ್ನು ವೇದಿಕೆಯ ಮೇಲೆ ನಿಲ್ಲಿಸಿ ಬೆಳಗಿನವರೆಗೆ ಪ್ರಶ್ನೆ ಕೇಳುವುದು ಇಂಥ ಸಂಘಗಳಲ್ಲಿ ಹಳೆಯ ಪದ್ಧತಿ. ಹಳಬರಿಗೆ ಮತವಿಲ್ಲ, ಬಾಯುಂಟು. ನಸುಕಿನ ಮೂರು ಗಂಟೆಗೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, 'ಸಂಘದ ಮುಂದಿನ ಐದು ವರ್ಷಗಳ ಬಗ್ಗೆ ನಿಮ್ಮ ವಿಷನ್ ಏನಮ್ಮಾ?' ಎನ್ನುತ್ತಾರೆ. ಅವಳ ಅವಧಿ ಹನ್ನೆರಡು ತಿಂಗಳು, ಅದರಲ್ಲಿ ಎರಡು ಪರೀಕ್ಷೆಗೆ, ಒಂದು ಇಂಟರ್ನ್‌ಶಿಪ್ಪಿಗೆ. ಆದರೂ ಅವಳು ಐದು ವರ್ಷಕ್ಕೆ ಉತ್ತರ ಕೊಡುತ್ತಾಳೆ, ಅವರು ಬರೆದುಕೊಳ್ಳುತ್ತಾರೆ.

ಸಮ್ಮೇಳನದ ಗೋಡೆಗೆ ಪ್ರತಿಯೊಬ್ಬರ ಹೆಸರಿನಲ್ಲೂ ಒಂದೊಂದು ಲಕೋಟೆ ಅಂಟಿಸಿರುತ್ತಾರೆ. ಪ್ರೀತಿಯ ಮಾತು ಬರೆದ ಚೀಟಿಗಳನ್ನು ಯಾರು ಬೇಕಾದರೂ ಅದಕ್ಕೆ ಹಾಕಬಹುದು. ಇದಕ್ಕೆ 'ಶುಗರ್ ಕ್ಯೂಬ್' ಎಂದು ಹೆಸರು. ಹಳಬರ ವಯಸ್ಸಿನ ಅತಿಥಿಗೆ ಶುಗರ್ ಅಂದರೆ ಲ್ಯಾಬು ನೆನಪಾಗುತ್ತದೆ. ಲಕೋಟೆಯಲ್ಲಿ ಅವರಿಗೆ ಸಿಗುವುದು ಎರಡು ಚೀಟಿ: ಒಂದು ಸಂಘಟಕರ ಧನ್ಯವಾದ, ಇನ್ನೊಂದು 'ಸರ್, ನಿಮ್ಮ ಕಂಪನಿಯಲ್ಲಿ ಓಪನಿಂಗ್ ಇದೆಯಾ?'

ಇನ್ನು ದೇಣಿಗೆ. ಇಬ್ಬರು ಹಳೆಯ ಗೆಳೆಯರು ಕ್ಯಾಲಿಫೋರ್ನಿಯಾದಲ್ಲಿ ಅಕ್ಕಪಕ್ಕದ ಮನೆಯಲ್ಲಿದ್ದಾರೆ ಎನ್ನಿ. ಒಬ್ಬರಿಗೆ ಗ್ರೀನ್ ಕಾರ್ಡು, ಪಾಸ್‌ಪೋರ್ಟು ಭಾರತದ್ದೇ. ಅವರು ಸ್ವಂತ ಉಳಿತಾಯದಿಂದ, ಬ್ಯಾಂಕ್ ಮೂಲಕ ಊರಿನ ಸಂಘಕ್ಕೆ ಕಳಿಸಿದರೆ ಅದು ವಿದೇಶಿ ವಂತಿಗೆಯಲ್ಲ. ಇನ್ನೊಬ್ಬರು ಅಮೆರಿಕದ ಪೌರತ್ವ ತೆಗೆದುಕೊಂಡರು, ಕೈಯಲ್ಲಿ ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡಿದೆ. ಅವರ ಐನೂರು ರೂಪಾಯಿಯೂ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಪ್ರಕಾರ ವಿದೇಶಿ ಹಣ. ಅದನ್ನು ಪಡೆಯಲು ಸಂಘಕ್ಕೆ ನೋಂದಣಿ ಇಲ್ಲವೇ ಸರ್ಕಾರದ ಪೂರ್ವಾನುಮತಿ ಬೇಕು. ನೋಂದಣಿಗೆ, 2020ರ ನಿಯಮದಂತೆ, ಹಿಂದಿನ ಮೂರು ವರ್ಷಗಳಲ್ಲಿ 15 ಲಕ್ಷ ರೂಪಾಯಿ ಸೇವಾಕಾರ್ಯಕ್ಕೆ ಖರ್ಚು ಮಾಡಿದ್ದನ್ನು ತೋರಿಸಬೇಕು. ಅದೂ ಆದ ಮೇಲೆ ಹಣ ಬಂದಿಳಿಯಬೇಕಾದದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿ. ಹದಿನೈದು ಲಕ್ಷ ಇದ್ದವರು ಆ ಐನೂರಕ್ಕೆ ಯಾಕೆ ಕಾಯುತ್ತಿದ್ದರು ಎಂದು ನಿಯಮ ಹೇಳುವುದಿಲ್ಲ. ಆದರೆ ದೇಣಿಗೆ ಕೇಳುವ ಉಪಾಧ್ಯಕ್ಷರು ಇದಾವುದನ್ನೂ ಓದದೆ ಯುಪಿಐ ಕ್ಯೂಆರ್ ಕೋಡನ್ನು ಗುಂಪಿಗೆ ಹಾಕುತ್ತಾರೆ. ಅದು ಖಜಾಂಚಿಯ ಅಕ್ಕನ ಖಾತೆಯದು.

ಅಕ್ಕನ ಖಾತೆ ಯಾಕೆಂದರೆ, ಸಂಘದ ಖಾತೆ ಮುಚ್ಚಿದಂತೆಯೇ. ಚೆಕ್ಕಿಗೆ ಎರಡು ಸಹಿ ಬೇಕು. ಸಹಿ ಮಾಡುವ ಇಬ್ಬರಲ್ಲಿ ಒಬ್ಬ ಎಂಎಸ್ ಮಾಡಲು ಮ್ಯೂನಿಕ್‌ಗೆ ಹೋದ, ಇನ್ನೊಬ್ಬಳು ಪುಣೆಯಲ್ಲಿ ಕೆಲಸಕ್ಕೆ ಸೇರಿದಳು. ಸಹಿದಾರರನ್ನು ಬದಲಿಸಲು ಬೇಕಾದದ್ದು ಸಭೆಯ ಠರಾವು, ಹೊಸ ಕಾರ್ಯಕಾರಿ ಸಮಿತಿಯ ಪಟ್ಟಿ, ಹೊಸಬರ ಪ್ಯಾನ್, ಆಧಾರ್, ಫೋಟೊ. ಆ ಪಟ್ಟಿಯನ್ನು ಸೊಸೈಟಿಗಳ ರಿಜಿಸ್ಟ್ರಾರ್‌ಗೆ ಪ್ರತಿ ವರ್ಷ ಸಲ್ಲಿಸಿರಬೇಕು. ಸಲ್ಲಿಸಿರುವುದಿಲ್ಲ. ಹಿಂದಿನ ಮೂರು ವರ್ಷದ್ದೂ ಬಾಕಿ. 'ಹಳೆ ಸಹಿದಾರರನ್ನು ಕರೆದುಕೊಂಡು ಬನ್ನಿ' ಎನ್ನುತ್ತಾರೆ ಬ್ಯಾಂಕಿನವರು. ಇವನ್ನೆಲ್ಲ ಹೊಂದಿಸುವಷ್ಟರಲ್ಲಿ ಈ ಸಮಿತಿಯ ಅವಧಿಯೂ ಮುಗಿದು, ಹೊಸಬರು ಠರಾವಿನಿಂದ ಶುರುಮಾಡುತ್ತಾರೆ. ಎರಡು ವರ್ಷ ವಹಿವಾಟಿಲ್ಲದಿದ್ದರೆ ಖಾತೆ ನಿಷ್ಕ್ರಿಯ. ಹತ್ತು ವರ್ಷವಾದರೆ ಹಣ ರಿಸರ್ವ್ ಬ್ಯಾಂಕಿನ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಹೋಗುತ್ತದೆ. ವಿದ್ಯಾರ್ಥಿಗಳ ದುಡ್ಡು ಅಂತೂ ಶಿಕ್ಷಣಕ್ಕೇ ಸಂದಿತು ಎನ್ನಿ.

ಹಳಬರು ನಿಜಕ್ಕೂ ಬೇಕಾಗುವುದು ಇಲ್ಲಿ. ಯಾವ ಬ್ಯಾಂಕಿನ ಯಾವ ಶಾಖೆ, ಮೂಲ ನೋಂದಣಿ ಪತ್ರ ಯಾರ ಬೀರುವಿನಲ್ಲಿದೆ, ಯಾವ ಕಂಪನಿಯ ಎಚ್‌ಆರ್‌ಗೆ ಮೂರು ತಂಡದವರು ಒಂದರ ಹಿಂದೆ ಒಂದು ಅದೇ ಪ್ರಸ್ತಾವ ಒಯ್ದು ಬೈಸಿಕೊಂಡು ಬಂದರು ಎಂಬುದೆಲ್ಲ ಗೊತ್ತಿರುವುದು ಅವರಿಗೇ. ಆದರೆ ಫಾರಮ್ಮಿನಲ್ಲಿ 'ನೀವು ಹೇಗೆ ನೆರವಾಗಬಲ್ಲಿರಿ?' ಎಂಬ ಪ್ರಶ್ನೆಗೆ ಕೊಟ್ಟಿರುವ ಆಯ್ಕೆಗಳು ನಾಲ್ಕೇ: ಮೆಂಟರ್, ಮುಖ್ಯ ಭಾಷಣಕಾರ, ದಾನಿ, ಪ್ರಾಯೋಜಕ. ಹಳಬರೂ ಕಣ್ಣುಮುಚ್ಚಿ ಮುಖ್ಯ ಭಾಷಣಕಾರ ಎಂಬುದಕ್ಕೇ ಗುರುತು ಹಾಕುತ್ತಾರೆ. ಭಾಷಣಕ್ಕೆ ಬೀರು ಹುಡುಕಬೇಕಿಲ್ಲ.

ಹಾಗಿದ್ದೂ ಎಲ್ಲೋ ಒಬ್ಬ ಹಳೆಯ ಖಜಾಂಚಿ ಇರುತ್ತಾರೆ. ರಜೆ ಹಾಕಿ ರಿಜಿಸ್ಟ್ರಾರ್ ಕಚೇರಿಗೆ ನಾಲ್ಕು ಸಲ ಅಲೆದು, ಬಾಕಿ ಪಟ್ಟಿಗಳನ್ನು ದಂಡ ಸಮೇತ ಕಟ್ಟಿ, ಮ್ಯೂನಿಕ್‌ನವನಿಂದ ಸಹಿ ತರಿಸಿ ಖಾತೆಗೆ ಜೀವ ಕೊಡಿಸಿರುತ್ತಾರೆ. ಶನಿವಾರ ಸಂಜೆ ಹೊಸ ಚೆಕ್ ಪುಸ್ತಕವನ್ನು ಕೈಯಾರೆ ಕೊಡೋಣವೆಂದು ಸಮ್ಮೇಳನದ ಬಾಗಿಲಿಗೆ ಬಂದರೆ, ಕೊರಳಿಗೆ ಐಡಿ ಕಾರ್ಡು ನೇತುಹಾಕಿಕೊಂಡ ಉಪಾಧ್ಯಕ್ಷ ತಡೆಯುತ್ತಾನೆ.

'ಅಂಕಲ್, ಪೇರೆಂಟ್ಸ್‌ನ ಒಳಗೆ ಬಿಡೋದಿಲ್ಲ. ನಿಮ್ಮ ಮಗನ ಹೆಸರು ಹೇಳಿ, ಹೊರಗೇ ಕರೆಸ್ತೀನಿ.'