ಸತ್ಯಾಂಶ: ಆಟೋಫೋಕಸ್ ಫಿಲ್ಮ್ ಕಾಲದ್ದೇ

ಫಿಲ್ಮ್ ಕಾಲದ ವೃತ್ತಿಪರ ಛಾಯಾಗ್ರಾಹಕರಿಗೆ ಆಟೋಫೋಕಸ್ (ಕ್ಯಾಮೆರಾ ತಾನಾಗಿಯೇ ಫೋಕಸ್ ಹೊಂದಿಸುವ ವ್ಯವಸ್ಥೆ) ಇರಲೇ ಇಲ್ಲ, ಅದು ಡಿಜಿಟಲ್ ಕ್ಯಾಮೆರಾದೊಂದಿಗೆ ಬಂದದ್ದು ಎಂಬ ಸಂದೇಶ ಹಳೆಯ ಕ್ಯಾಮೆರಾಗಳ ಚಿತ್ರಗಳೊಂದಿಗೆ ಆಗಾಗ ಹರಿದಾಡುತ್ತಿರುತ್ತದೆ. ಇದು ನಿಜವಲ್ಲ. 1977ರ ಕೋನಿಕಾ ಸಿ35 ಎಎಫ್ ಎಂಬ ಪುಟ್ಟ ಫಿಲ್ಮ್ ಕ್ಯಾಮೆರಾದಲ್ಲೇ ಆಟೋಫೋಕಸ್ ಇತ್ತು. 1983ರ ನಿಕಾನ್ ಎಫ್3ಎಎಫ್ ಅದನ್ನು ವೃತ್ತಿಪರರ ಕೈಗೆ ತಂದಿತಾದರೂ, ಫೋಕಸ್ ತಿರುಗಿಸುವ ಮೋಟಾರು ಲೆನ್ಸಿನೊಳಗಿತ್ತು, ಅದಕ್ಕೆಂದೇ ತಯಾರಾದ ಲೆನ್ಸುಗಳೂ ಎರಡೇ. 1988ರ ನಿಕಾನ್ ಎಫ್4 ಮೋಟಾರನ್ನು ಕ್ಯಾಮೆರಾದೊಳಕ್ಕೇ ಸೇರಿಸಿತು. ಅದರ ನಿಜವಾದ ಹಿರಿಮೆ ನನಗೆ ಕಾಣುವುದು ಇನ್ನೊಂದು ಕಡೆ: 1959ರಿಂದ ಬಂದ ಲೆನ್ಸ್ ಮೌಂಟನ್ನೇ (ಕ್ಯಾಮೆರಾಕ್ಕೆ ಲೆನ್ಸ್ ಜೋಡಿಸುವ ಭಾಗ) ಅದು ಉಳಿಸಿಕೊಂಡದ್ದರಿಂದ, ವರ್ಷಗಟ್ಟಲೆ ದುಡಿದು ಕೊಂಡಿದ್ದ ಹಳೆಯ ಲೆನ್ಸುಗಳಲ್ಲಿ ಬಹುತೇಕವನ್ನು ಛಾಯಾಗ್ರಾಹಕರು ಮೂಲೆಗಿಡಬೇಕಾಗಲಿಲ್ಲ.

ಹೊರನೋಟಕ್ಕೆ ಇವೆಲ್ಲ ತಿಳಿಯುವುದಿಲ್ಲವಾದ್ದರಿಂದ ಸಂದೇಶವನ್ನು ನಂಬುವುದು ಸಹಜವೇ. ಆದರೆ ಪರೀಕ್ಷಿಸುವುದು ಕಷ್ಟವಲ್ಲ. ಪರಿಚಯದ ಸ್ಟುಡಿಯೋದಲ್ಲಿ ಎಫ್4 ಇದ್ದರೆ ಲೆನ್ಸ್ ಕಳಚಿಸಿ ನೋಡಿ: ಮೌಂಟಿನ ಲೋಹದ ಬಳೆಯಲ್ಲಿ ಸ್ಕ್ರೂಡ್ರೈವರ್ ತುದಿಯಂಥ ಪುಟ್ಟ ಕಡ್ಡಿಯೊಂದು ಕಾಣುತ್ತದೆ, ಲೆನ್ಸಿನ ಫೋಕಸನ್ನು ತಿರುಗಿಸುವುದು ಅದೇ. ಹಿಂಬದಿಯ ಬಾಗಿಲು ತೆರೆದರೆ ಫಿಲ್ಮ್ ಸುರುಳಿ ಕೂರುವ ಜಾಗ ಕಾಣುತ್ತದೆ. ಕ್ಯಾಮೆರಾ ಸಿಗದಿದ್ದಲ್ಲಿ, ಚಿತ್ರದಲ್ಲಿರುವ ಮಾದರಿಯ ಹೆಸರನ್ನು ಓದಿಕೊಂಡು, ಅದರ ಮೂಲ ಕೈಪಿಡಿಯನ್ನೂ ಮಾರುಕಟ್ಟೆಗೆ ಬಂದ ವರ್ಷವನ್ನೂ ಹುಡುಕಿ ಹೋಲಿಸಬಹುದು.