ನೀನು ಇಳಿ, ನಾನು ನೋಡ್ತೀನಿ

ಗೆಳೆಯನ ಜೊತೆ ಸ್ಕೀಯಿಂಗ್‌ಗೆ ಹೋಗಿದ್ದೆ ಅಂದರೆ, ಇಬ್ಬರೂ ಅಕ್ಕಪಕ್ಕ ಜಾರುತ್ತಾ, ಹರಟೆ ಹೊಡೆಯುತ್ತಾ ಇಳಿದೆವು ಅಂತ ಜನ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಎತ್ತರದ ಬೆಟ್ಟದಲ್ಲಿ ಜೊತೆ ಅಂದರೆ ಒಬ್ಬ ಇಳಿಯುವಾಗ ಇನ್ನೊಬ್ಬ ಸುಮ್ನೆ ನಿಂತು ನೋಡುವುದು.

ಕಾಶ್ಮೀರದ ಗುಲ್ಮಾರ್ಗ್‌ನ ಗೊಂಡೊಲಾ, ಅಂದರೆ ಕೇಬಲ್ ಕಾರ್, ಮೊದಲು ಕೊಂಗ್ಡೂರಿಗೆ ಹತ್ತಿಸುತ್ತದೆ, ಆಮೇಲೆ ಅಫರ್ವತ್ ಬೆಟ್ಟದ ಹೆಗಲಿಗೆ. ಸುಮಾರು 3,950 ಮೀಟರ್. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೂ ಅಷ್ಟು ಎತ್ತರ ಆಗುವುದಿಲ್ಲ. ಬೂಟಿನ ಬಕಲ್ ಹಾಕಲು ಬಗ್ಗಿದರೆ ಸಾಕು, ಏದುಸಿರು. ಅಲ್ಲಿಂದಾಚೆ ಗುರುತು ಹಾಕಿದ ದಾರಿ ಬಿಟ್ಟು ಬದಿಯ ಇಳಿಜಾರುಗಳಿಗೆ ಇಳಿದರೆ ಯಾರೂ ತುಳಿಯದ ಹಿಮ. ಸ್ಕೀ ಮಾಡುವವರು ದೇಶ ವಿದೇಶಗಳಿಂದ ಬರುವುದೇ ಅದಕ್ಕೆ.

ತೊಂದರೆ ಏನೆಂದರೆ, ಹಿಮ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಮಜಾ ಸಿಗುವುದೂ ಅಲ್ಲೇ! ಹೂತುಹೋದವನನ್ನು ಕಾಲು ಗಂಟೆಯೊಳಗೆ ಹೊರಗೆ ತೆಗೆದರೆ ಬದುಕುವ ಸಾಧ್ಯತೆ ಚೆನ್ನಾಗಿರುತ್ತದೆ, ಆಮೇಲೆ ಬೇಗ ಬೇಗ ಕಡಿಮೆಯಾಗುತ್ತದೆ. ಬೆಟ್ಟದ ಮೇಲೆ ಕಾವಲಿರುವ ಸ್ಕೀ ಪ್ಯಾಟ್ರೋಲ್‌ನವರು ಎಷ್ಟೇ ಚುರುಕಾಗಿದ್ದರೂ ಅಷ್ಟರೊಳಗೆ ಬರುತ್ತಾರೆ ಅಂತ ನಂಬಿಕೊಂಡು ಕೂರುವ ಹಾಗಿಲ್ಲ. ಅಗೆಯಬೇಕಾದವನು ಗೆಳೆಯನೇ. ಅದಕ್ಕೇ ಇಬ್ಬರ ಮೈಮೇಲೂ ಹೂತ ಜಾಗದಿಂದ ಸಿಗ್ನಲ್ ಕೊಡುವ ಬೀಕನ್, ಬ್ಯಾಗಿನಲ್ಲಿ ಮಡಚುವ ಸಲಿಕೆ, ಹಿಮದೊಳಗೆ ಚುಚ್ಚಿ ಹುಡುಕಲು ಉದ್ದನೆಯ ಪ್ರೋಬ್ ಕಡ್ಡಿ. ಅದಕ್ಕೇ ಒಬ್ಬರಾದ ಮೇಲೆ ಒಬ್ಬರು ಇಳಿಯುವುದು, ಇಬ್ಬರೂ ಒಟ್ಟಿಗೆ ಹೂತುಹೋದರೆ ಹುಡುಕುವವರು ಯಾರು?

ನನ್ನ ಗೆಳೆಯ ಬೆಂಗಳೂರಿನಲ್ಲಿ ಹೋಟೆಲ್ ಬಿಲ್ ಬಂದ ತಕ್ಷಣ ಕೈ ತೊಳೆಯಲು ಹೋಗುವ ಪೈಕಿ. ಮೇಲೆ ಬಂದರೆ ಬೇರೆಯೇ ಮನುಷ್ಯ. ಇಳಿಯುವ ಮೊದಲು ಕೋಲುಗಳ ಪಟ್ಟಿಯಿಂದ ಮಣಿಕಟ್ಟು ಬಿಡಿಸಿಕೊಳ್ಳುತ್ತಾನೆ, ಹಿಮ ಎಳೆದುಕೊಂಡು ಹೋದರೆ ಕೋಲು ಕೈಯನ್ನೂ ಕೆಳಕ್ಕೆ ಎಳೆಯಬಾರದಲ್ವಾ. ನನ್ನ ಪಟ್ಟಿಯನ್ನೂ ಒಮ್ಮೆ ನೋಡುತ್ತಾನೆ. ಆಮೇಲೆ ಹೊರಟ. ಮೊದಲ ಎರಡು ತಿರುವು ಬಿಗಿ ಬಿಗಿ, ಆಮೇಲೆ ಮೊಣಕಾಲುದ್ದದ ಪುಡಿ ಹಿಮದಲ್ಲಿ ಸ್ಕೀ ಕಾಣಿಸುವುದೇ ಇಲ್ಲ, ಬರೀ ಸೊಂಟದಿಂದ ಮೇಲಿನ ಮನುಷ್ಯ ತೇಲಿಕೊಂಡು ಹೋಗುತ್ತಿರುತ್ತಾನೆ. ಕೆಳಗೆ ಬಂಡೆಯ ಮರೆಯಲ್ಲಿ ನಿಂತು ಕೋಲು ಎತ್ತುತ್ತಾನೆ. ಇನ್ನು ನನ್ನ ಸರದಿ. ಅಲ್ಲಿಯವರೆಗೆ ನಾನು ಅವನ ಮೇಲಿಂದ ಕಣ್ಣು ಕೀಳುವ ಹಾಗಿಲ್ಲ, ಮೂಗು ಸೋರುತ್ತಿದ್ದರೂ.

ಇವನ ಇನ್ನೊಂದು ದೊಡ್ಡ ಗುಣ, ಬೇಡ ಅನ್ನುವುದು. "ಮಗಾ, ಇವತ್ತು ಆ ಕಡೆ ಬೇಡ ಕಣೋ. ರಾತ್ರಿಯೆಲ್ಲಾ ಗಾಳಿ ಇತ್ತು." ಗಾಳಿ ಒಂದು ಬದಿಯ ಹಿಮವನ್ನು ಹೊತ್ತು ಇನ್ನೊಂದು ಬದಿಯಲ್ಲಿ ಗಟ್ಟಿ ಹಾಸಿನ ಹಾಗೆ ಪೇರಿಸುತ್ತದೆ, ಅದರ ಕೆಳಗಿನ ಪದರ ಸಡಿಲವಾಗಿದ್ದರೆ ಒಬ್ಬನ ಭಾರವೇ ಸಾಕು, ಇಡೀ ಹಾಸು ಕಿತ್ತುಕೊಂಡು ಬರುತ್ತದೆ. ನನಗಿದು ಗೊತ್ತು. ಆದರೂ ಟಿಕೆಟ್ ದುಡ್ಡು ಕೊಟ್ಟು ಮೇಲೆ ಬಂದಿರುತ್ತೇವೆ, ಬಿಸಿಲು ಬೇರೆ ಚೆನ್ನಾಗಿರುತ್ತದೆ, ನನ್ನ ಬಾಯಲ್ಲಿ ಬೇಡ ಅನ್ನುವ ಮಾತು ಹೊರಡುವುದಿಲ್ಲ. ಅವನು ಹೇಳಿಬಿಡುತ್ತಾನೆ. ನಾನು ಸ್ವಲ್ಪ ಹೊತ್ತು ಗೊಣಗುತ್ತೇನೆ, ಗೊಣಗುವುದೂ ನನ್ನ ಹಕ್ಕು, ಆಮೇಲೆ ಗುರುತಿನ ದಾರಿಯಲ್ಲೇ ಇಳಿಯುತ್ತೇವೆ.

ಇಷ್ಟೆಲ್ಲಾ ಆದ ಮೇಲೆ ಸಿಗುವ ಸಾಕ್ಷಿ ಅವನು ಕೆಳಗಿನಿಂದ ತೆಗೆದ ವಿಡಿಯೋ ಮಾತ್ರ. ಬೆಳ್ಳಗಿನ ಬೆಟ್ಟ, ಅದರಲ್ಲೊಂದು ಕರಿ ಚುಕ್ಕೆ ಬಳುಕುತ್ತಾ ಬರುತ್ತದೆ. ಅಮ್ಮನಿಗೆ ತೋರಿಸಿದರೆ ಕನ್ನಡಕ ಹಾಕಿಕೊಂಡು ನೋಡಿ, "ಇದರಲ್ಲಿ ನೀನೆಲ್ಲಿದ್ದೀಯೋ?" ಅಂದಳು.