ಡಿಗ್ರಿಗೂ ಎಕ್ಸ್‌ಪೈರಿ ಡೇಟು

ತುಮಕೂರಿನ ಪದವೀಧರ ಬಂಧುಗಳೇ, ನಿಮ್ಮ ಡಿಗ್ರಿ ಲ್ಯಾಪ್ಸ್ ಆಗಿದೆ. ಗಾಬರಿ ಬೀಳಬೇಡಿ. ಕೋಲಾರದವರದ್ದೂ ಆಗಿದೆ, ಚಿಕ್ಕಬಳ್ಳಾಪುರದವರದ್ದೂ ಆಗಿದೆ. ಬಿ.ಎ., ಬಿ.ಕಾಂ., ಬಿ.ಇ., ಎಂ.ಬಿ.ಬಿ.ಎಸ್. ಅಂತ ಭೇದಭಾವ ಏನೂ ಮಾಡಿಲ್ಲ. 2020ರ ಅಕ್ಟೋಬರ್ 28ರಂದು, ಆ ಕೊರೊನಾ ಗಲಾಟೆಯ ಮಧ್ಯೆ ಮಾಸ್ಕ್ ಹಾಕಿಕೊಂಡು ಹೋಗಿ ವಿಧಾನ ಪರಿಷತ್ತಿನ ಆಗ್ನೇಯ ಪದವೀಧರ ಕ್ಷೇತ್ರಕ್ಕೆ ಓಟು ಹಾಕಿ ಬಂದಿರಿ ಅಲ್ವಾ, ಆವತ್ತು ನೀವು ಸರ್ಕಾರದ ಲೆಕ್ಕದಲ್ಲಿ ಪದವೀಧರರು. ಆವತ್ತು ಗೆದ್ದವರ ಆರು ವರ್ಷ 2026ಕ್ಕೆ ಮುಗಿಯುತ್ತದೆ. ಅದರ ಜೊತೆಗೆ ನಿಮ್ಮ ಪದವಿಯೂ ಮುಗಿಯಿತು. ಹಳೇ ಮತದಾರರ ಪಟ್ಟಿ ತಿದ್ದುವ ಪದ್ಧತಿ ಇಲ್ಲಿ ಇಲ್ಲ. ಪ್ರತಿ ಚುನಾವಣೆಗೂ ಪಟ್ಟಿ ಸೊನ್ನೆಯಿಂದ ಶುರು. ಹೋದ ಸಲ ಹೆಸರಿತ್ತು ಸ್ವಾಮಿ ಅಂದರೆ ಯಾರೂ ಕೇಳುವುದಿಲ್ಲ, ಹೊಸದಾಗಿ ಫಾರಂ 18 ತುಂಬಬೇಕು.

ವಿಧಾನಸಭೆಯ ಪಟ್ಟಿ ಹೀಗಲ್ಲ. ಅಲ್ಲಿ ಒಂದು ಸಲ ಹೆಸರು ಸೇರಿತು ಅಂದರೆ ತೆಗೆಸುವುದೇ ಕಷ್ಟ. ನಮ್ಮ ಬೀದಿಯ ಅಜ್ಜ ಒಬ್ಬರು ತೀರಿಕೊಂಡು ವರ್ಷಾಬ್ದಿಕ ಎಲ್ಲ ಮುಗಿದ ಮೇಲೂ ಪಟ್ಟಿಯಲ್ಲಿ ಗಟ್ಟಿಯಾಗಿ ಕೂತಿದ್ದರು. ಫೋಟೋದಲ್ಲಿ ಸ್ವಲ್ಪ ಚೇತರಿಸಿಕೊಂಡ ಹಾಗೂ ಕಾಣುತ್ತಿತ್ತು. ಅವರನ್ನು ಅಲ್ಲಿಂದ ಎಬ್ಬಿಸಲು ಮನೆಯವರು ಫಾರಂ 7 ಕೊಟ್ಟು, ಮರಣ ಪ್ರಮಾಣಪತ್ರ ತೋರಿಸಿ, ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಮೇಡಂ ಮನೆಗೆ ಬಂದು ಅಜ್ಜ ನಿಜವಾಗಿಯೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಹೋಗಬೇಕಾಯಿತು. ಅಂದರೆ ವಿಧಾನಸಭೆಗೆ ಸತ್ತವರೂ ಮತದಾರರು, ವಿಧಾನ ಪರಿಷತ್ತಿಗೆ ಬದುಕಿರುವವರೂ ಅಲ್ಲ.

ಈ ಕ್ಷೇತ್ರ ಎಷ್ಟು ದೊಡ್ಡದು ಅಂದರೆ ದಾವಣಗೆರೆ ಕಡೆ ಶುರುವಾಗಿ ಚಿತ್ರದುರ್ಗ, ತುಮಕೂರು ದಾಟಿ, ಚಿಕ್ಕಬಳ್ಳಾಪುರ ಸುತ್ತಿ, ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಆಂಧ್ರದ ಗಡಿಗೆ ಹೋಗಿ ಮುಟ್ಟುತ್ತದೆ. ನಮ್ಮ ಮೂರು ಜಿಲ್ಲೆಗಳಲ್ಲೇ 22 ಎಂಎಲ್‌ಎಗಳಿದ್ದಾರೆ, ತುಮಕೂರಿಗೆ 11, ಕೋಲಾರಕ್ಕೆ 6, ಚಿಕ್ಕಬಳ್ಳಾಪುರಕ್ಕೆ 5. ಪದವೀಧರರಿಗೆ ಮಾತ್ರ ಐದು ಜಿಲ್ಲೆಗೂ ಸೇರಿ ಒಬ್ಬರೇ ಪ್ರತಿನಿಧಿ. ಆ ಒಬ್ಬರು ಯಾರು ಅಂತ ಟೌನ್‌ಹಾಲ್ ಸರ್ಕಲ್‌ನಲ್ಲಿ ನಿಂತು ಹತ್ತು ಜನ ಡಿಗ್ರಿಯವರನ್ನು ಕೇಳಿ ನೋಡಿ. ಒಂಬತ್ತು ಜನ ಮೊಬೈಲ್ ತೆಗೆಯುತ್ತಾರೆ, ಹತ್ತನೆಯವರು ನೀವು ಯಾವ ಪಾರ್ಟಿ ಅಂತ ಕೇಳುತ್ತಾರೆ.

ಇರಲಿ, ಫಾರಂ 18ಕ್ಕೆ ಬರೋಣ. ಫೋಟೋ ಅಂಟಿಸಿ, ವಿಳಾಸ ಬರೆದು, ಡಿಗ್ರಿ ಸರ್ಟಿಫಿಕೇಟ್ ಇಲ್ಲವೇ ಮಾರ್ಕ್ಸ್ ಕಾರ್ಡ್ ಜೆರಾಕ್ಸ್ ಹಚ್ಚಬೇಕು. ಒರಿಜಿನಲ್ ತೋರಿಸಿ ತಾಳೆ ನೋಡಿಸಬೇಕು, ಇಲ್ಲದಿದ್ದರೆ ಗೆಜೆಟೆಡ್ ಅಧಿಕಾರಿಯ ಸಹಿ ಬೇಕು. ತುಮಕೂರು ವಿಶ್ವವಿದ್ಯಾಲಯ ಶುರುವಾದದ್ದೇ 2004ರಲ್ಲಿ. ಅದಕ್ಕೂ ಮುಂಚೆ ಓದಿದ ಹಿರಿಯರ ಡಿಗ್ರಿ ಹೆಚ್ಚಾಗಿ ಬೆಂಗಳೂರು ವಿಶ್ವವಿದ್ಯಾಲಯದ್ದು. ಅವರಲ್ಲಿ ಅರ್ಧ ಜನ ಘಟಿಕೋತ್ಸವದ ಸರ್ಟಿಫಿಕೇಟನ್ನು ಇವತ್ತಿನವರೆಗೂ ತಂದೇ ಇಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ. ಅಂಗಡಿ ನಡೆಸಿದರು, ತೋಟ ಮಾಡಿದರು, ಮಕ್ಕಳ ಮದುವೆ ಮಾಡಿದರು, ಎಲ್ಲೂ ಅದರ ಅಗತ್ಯ ಬರಲಿಲ್ಲ. ಮೊದಲ ಸಲ ಕೇಳಿದ್ದು ಒಂದು ಓಟಿಗೋಸ್ಕರ. ಈಗ ಅಟ್ಟದ ಮೇಲಿನ ಟ್ರಂಕು ಇಳಿಸಿ, ನುಸಿಗುಳಿಗೆ ವಾಸನೆಯ ಸೀರೆಗಳ ಕೆಳಗೆ ಕೈಹಾಕಿ ಅಂತಿಮ ವರ್ಷದ ಮಾರ್ಕ್ಸ್ ಕಾರ್ಡ್ ಹುಡುಕಬೇಕು. ಸಿಕ್ಕಿತು ಅಂತಿಟ್ಟುಕೊಳ್ಳಿ. ಅದನ್ನು ಮೊಮ್ಮಕ್ಕಳು ನೋಡಿ, ತಾತ ನೀನು ಸ್ಟ್ಯಾಟಿಸ್ಟಿಕ್ಸ್‌ನಲ್ಲಿ 36ಆ ಅಂತ ಕೇಳುವ ಮರ್ಯಾದೆ ಪ್ರಶ್ನೆ ಬೇರೆ.

ಗೆಜೆಟೆಡ್ ಅಧಿಕಾರಿ ಸಿಗುವುದು ಅಷ್ಟು ಸುಲಭ ಅಂದುಕೊಳ್ಳಬೇಡಿ. ಒಬ್ಬರು ಮೀಟಿಂಗ್‌ನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರ ಸೀಲು ಬೀರುವಿನಲ್ಲಿ, ಬೀರುವಿನ ಕೀಲಿ ರಜೆ ಹಾಕಿದ ಗುಮಾಸ್ತರ ಜೇಬಿನಲ್ಲಿ. ಕೊನೆಗೆ ಬಲ್ಲವರು ಯಾರೋ ಹೇಳುತ್ತಾರೆ, ದನದ ಡಾಕ್ಟ್ರು ಕೂಡ ಗೆಜೆಟೆಡ್ಡೇ, ಅಲ್ಲಿ ರಶ್ ಇರಲ್ಲ ಅಂತ. ಸರಿ, ಪಶು ಆಸ್ಪತ್ರೆಗೆ ಹೋಗಿ ನಿಂತರೆ ನಿಮ್ಮ ಮುಂದೆ ಎರಡು ಎಚ್‌ಎಫ್ ಹಸು, ಒಂದು ಕುಂಟುವ ಕುರಿ, ಹಿಂದೆ ಮೂರು ಜನ ಎಂ.ಎ. ಡಾಕ್ಟ್ರು ಹಸುವಿನ ಬಾಯಿ ತೆರೆಸಿ ಹಲ್ಲು ನೋಡಿ ವಯಸ್ಸು ಹೇಳುತ್ತಾರೆ, ಆಮೇಲೆ ಕೈ ತೊಳೆದುಕೊಂಡು ನಿಮ್ಮ ಮಾರ್ಕ್ಸ್ ಕಾರ್ಡ್ ನೋಡಿ ಹಸಿರು ಇಂಕಿನಲ್ಲಿ ಸಹಿ ಹಾಕುತ್ತಾರೆ. ಹಸುವಿನ ಕಿವಿಗೆ ಹಾಕುವ ಟ್ಯಾಗ್ ಒಂದು ಸಲ ಹಾಕಿದರೆ ಮುಗಿಯಿತು, ಆರು ವರ್ಷಕ್ಕೊಮ್ಮೆ ಹೊಸದು ಹಾಕಿಸಿಕೊಂಡು ತಾನು ಹಸುವೇ ಅಂತ ಸಾಬೀತು ಮಾಡುವ ಕಷ್ಟ ಅದಕ್ಕಿಲ್ಲ.

ಹೆಣ್ಣುಮಕ್ಕಳ ಪಾಡು ಇನ್ನೂ ಚೆಂದ. ಡಿಗ್ರಿಯಲ್ಲಿ ಅಪ್ಪನ ಮನೆಯ ಇನಿಷಿಯಲ್. ಆಧಾರ್‌ನಲ್ಲಿ ಗಂಡನ ಹೆಸರು. ಮನೆಯಲ್ಲಿ ಎಲ್ಲರೂ ಕರೆಯುವುದು ಮೂರನೇ ಹೆಸರು, ವೋಟರ್ ಐಡಿಯಲ್ಲಿ ಬಂದಿರುವುದು ಅದೇ, ಅದೂ ಕಾಗುಣಿತ ತಪ್ಪಾಗಿ. ಮೂರೂ ಒಬ್ಬರೇ ಅಂತ ತೋರಿಸಲು ಅಫಿಡವಿಟ್ ಮಾಡಿಸಿ ಅಂತಾರೆ. ಮಾಡಿಸಲು ಹೋದರೆ ಟೈಪಿಸ್ಟು ನಾಲ್ಕನೇ ಹೆಸರು ಹುಟ್ಟಿಸುತ್ತಾನೆ.

ಇನ್ನು ಅರ್ಹತೆ. ಡಿಗ್ರಿ ಪಾಸಾದ ತಕ್ಷಣ ನೀವು ಪದವೀಧರ ಅಲ್ಲ. 1950ರ ಜನಪ್ರತಿನಿಧಿ ಕಾಯ್ದೆ ಪ್ರಕಾರ ಪದವಿ ಪಡೆದು ಮೂರು ವರ್ಷ ಆಗಿರಬೇಕು. ಚುನಾವಣೆಗೆ ಮುಂಚಿನ ನವೆಂಬರ್ 1ಕ್ಕೆ ಲೆಕ್ಕ. ಈ ಮೂರು ವರ್ಷ ಯಾತಕ್ಕೆ ಅಂತ ನಾನು ಬಹಳ ಯೋಚನೆ ಮಾಡಿದೆ. ಕಾಲೇಜಿನಲ್ಲಿ ಕಲಿತದ್ದು ಪೂರ್ತಿ ಮರೆಯಲು ಅಷ್ಟು ಟೈಮ್ ಬೇಕು ಅಂತಿರಬಹುದು. 18 ತುಂಬಿದ ಹುಡುಗ ಮುಖ್ಯಮಂತ್ರಿಯನ್ನು ಮಾಡುವ ಚುನಾವಣೆಗೆ ಓಟು ಹಾಕಬಹುದು, 21ಕ್ಕೆ ಡಿಗ್ರಿ ಮುಗಿಸಿ ಮೇಲ್ಮನೆಗೆ ಓಟು ಹಾಕಲು ಹೋದರೆ ಇನ್ನೂ ಮಾಗಿಲ್ಲ ಹೋಗಪ್ಪ ಅಂತಾರೆ.

ನಮ್ಮ ಅಣ್ಣನ ಮಗನದ್ದು ಇದೇ ಕಥೆ. 2023ರಲ್ಲಿ ಬಿ.ಕಾಂ. ಮುಗಿಸಿದ. 2025ರ ನವೆಂಬರ್ 1ಕ್ಕೆ ಅವನಿಗೆ ಮೂರು ವರ್ಷ ತುಂಬಲಿಲ್ಲ, 2026ರ ಚುನಾವಣೆ ಕೈತಪ್ಪಿತು. ಮುಂದಿನದು 2032ಕ್ಕೆ. ಆ ಹೊತ್ತಿಗೆ ಅವನಿಗೆ 30 ಆಗಿರುತ್ತದೆ, ವಿಧಾನ ಪರಿಷತ್ತಿಗೆ ಸ್ಪರ್ಧಿಸಲು ಬೇಕಾದ ವಯಸ್ಸು ಅಷ್ಟೇ. ಅಂದರೆ ಮೊದಲ ಸಲ ಓಟು ಹಾಕಲು ಸಿಗುವ ಹೊತ್ತಿಗೆ ಅವನೇ ಕ್ಯಾಂಡಿಡೇಟ್ ಆಗಬಹುದು. "ಚಿಕ್ಕಪ್ಪ, ಹಾಗಾದ್ರೆ ನಾನು ಡಿಗ್ರಿ ಮಾಡದೇ ಇದ್ದಿದ್ರೂ ನಿಲ್ಲಬಹುದಿತ್ತಾ?" ಅಂತ ಕೇಳಿದ. ಬುದ್ಧಿವಂತ ಹುಡುಗ, ನೇರವಾಗಿ ಗಾಯಕ್ಕೇ ಬೆರಳಿಟ್ಟ.

ಹೌದು ಸ್ವಾಮಿ, ನಿಲ್ಲಬಹುದಿತ್ತು. ಓಟು ಹಾಕುವವರಿಗೆ ಡಿಗ್ರಿ ಬೇಕು, ಅದಕ್ಕೆ ಮೂರು ವರ್ಷದ ಹಳತು ಬೇಕು, ದನದ ಡಾಕ್ಟ್ರ ಸಹಿ ಬೇಕು. ಓಟು ಹಾಕಿಸಿಕೊಳ್ಳುವವರಿಗೆ ಏನೂ ಬೇಕಾಗಿಲ್ಲ. 30 ವರ್ಷ ಆಗಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಪಟ್ಟಿಯಲ್ಲಿ ಹೆಸರಿರಬೇಕು, ಡಿಗ್ರಿಯ ಮಾತೇ ಇಲ್ಲ. ಇದೇನು ನಾನು ಕಟ್ಟಿದ ಕಥೆಯಲ್ಲ. ಮದ್ರಾಸಿನ ಒಂದು ಕೇಸಿನಲ್ಲಿ 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರನೇ ಆಗಿರಬೇಕು ಅಂತ ಕಾನೂನಿನಲ್ಲಿ ಎಲ್ಲೂ ಇಲ್ಲ ಅಂತ. ಎಸ್ಸೆಸ್ಸೆಲ್ಸಿ ಫೇಲಾದವರೊಬ್ಬರು ಪದವೀಧರರ ದನಿಯಾಗುತ್ತೇನೆ ಅಂತ ಬ್ಯಾನರ್ ಕಟ್ಟಿಸಿ ನಿಂತರೆ ಅವರು ಐದು ಜಿಲ್ಲೆಯ ಡಾಕ್ಟರು, ಲಾಯರು, ಲೆಕ್ಚರರುಗಳ ಹತ್ತಿರ ಓಟು ಕೇಳಬಹುದು. ತಮಗೆ ತಾವೇ ಓಟು ಹಾಕಿಕೊಳ್ಳುವ ಹಾಗೆ ಮಾತ್ರ ಇಲ್ಲ. ಅದಕ್ಕೆ ಡಿಗ್ರಿ ಬೇಕು.

ಆದರೂ ಕ್ಯಾಂಡಿಡೇಟ್‌ಗಳ ಕಾಳಜಿಯನ್ನು ಮೆಚ್ಚಬೇಕು. ಚುನಾವಣೆ ಇನ್ನೂ ವರ್ಷ ಇದೆ ಅನ್ನುವಾಗಲೇ ನಿಮ್ಮ ನಂಬರ್ ಅದು ಹೇಗೋ ಅವರಿಗೆ ಸಿಕ್ಕಿರುತ್ತದೆ. ಬೆಳಗ್ಗೆ ಐದೂವರೆಗೆ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಜೊತೆ ಶುಭೋದಯ ಪದವೀಧರ ಮಿತ್ರರೇ. ಫಾರಂ ಅವರೇ ತರುತ್ತಾರೆ, ಅವರೇ ತುಂಬುತ್ತಾರೆ, ನೀವು ಫೋಟೋ ಕೊಟ್ಟು ಸಹಿ ಹಾಕಿದರೆ ಸಾಕು. ಕಂತೆ ಕಂತೆ ಅರ್ಜಿ ಒಟ್ಟಿಗೆ ತಂದುಕೊಟ್ಟರೆ ತೆಗೆದುಕೊಳ್ಳಬಾರದು ಅಂತ ಚುನಾವಣಾ ಆಯೋಗದ ಸೂಚನೆ ಇದೆ. ಒಂದೇ ಮನೆಯವರದ್ದು ಮನೆಯವರೊಬ್ಬರು ಕೊಡಬಹುದು, ಸಂಸ್ಥೆಯ ಮುಖ್ಯಸ್ಥರು ಸಿಬ್ಬಂದಿಯದ್ದು ಕಳಿಸಬಹುದು, ಅಷ್ಟೇ. ಒಂದೇ ಕೈಬರಹದಲ್ಲಿ, ಒಂದೇ ಪೆನ್ನಿನಲ್ಲಿ ತುಂಬಿದ ಫಾರಂಗಳನ್ನು ನೋಡಿದರೆ ನಮ್ಮ ಕಡೆ ಕೂಡು ಕುಟುಂಬ ಇನ್ನೂ ಎಷ್ಟು ಗಟ್ಟಿಯಾಗಿದೆ ಅಂತ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ, ಮತಪತ್ರ. ಇಲ್ಲಿ ಇವಿಎಂ ಇಲ್ಲ, ಕಾಗದ. ಪಕ್ಷದ ಚಿಹ್ನೆಯೂ ಇಲ್ಲ, ಹೆಸರು ಓದಿಕೊಳ್ಳಬೇಕು, ಪದವೀಧರರಲ್ಲವೇ, ಓದಲು ಬರುತ್ತದೆ ಅಂತ ಆಯೋಗದ ನಂಬಿಕೆ. ಇಷ್ಟವಾದವರ ಮುಂದೆ 1 ಅಂತ ಬರೆಯಬೇಕು. ಬೇಕಿದ್ದರೆ ಉಳಿದವರಿಗೆ 2, 3. ಕನ್ನಡದ ೧ ಕೂಡ ನಡೆಯುತ್ತದೆ, ರೋಮನ್ ಅಂಕಿಯೂ ನಡೆಯುತ್ತದೆ. ಆದರೆ ಅಂಕಿಯೇ ಆಗಬೇಕು, "ಒಂದು" ಅಂತ ಅಕ್ಷರದಲ್ಲಿ ಬರೆದರೆ ಓಟು ಹೋಯಿತು. ಟಿಕ್ ಹಾಕಿದರೆ ಹೋಯಿತು. ಇಬ್ಬರಿಗೆ 1 ಕೊಟ್ಟರೆ ಹೋಯಿತು. 1 ಬಿಟ್ಟು ಬರೀ 2 ಬರೆದರೂ ಹೋಯಿತು. ಅಲ್ಲೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ ಬಿಟ್ಟು ಜೇಬಿನ ಪೆನ್ ತೆಗೆದರೆ ಅದೂ ಹೋಯಿತು.

ಇಷ್ಟೇ ಪರೀಕ್ಷೆ. ಒಂದು ಪ್ರಶ್ನೆ, ಒಂದು ಅಂಕಿ. ಡಿಗ್ರಿಯ ಆರು ಸೆಮಿಸ್ಟರ್ ದಾಟಿ ಬಂದವರು ಇಲ್ಲಿ ಫೇಲಾಗುತ್ತಾರೆ. ಎಣಿಕೆಯ ಮೇಜಿನ ಮೇಲೆ ಕುಲಗೆಟ್ಟ ಮತಗಳದ್ದೇ ಒಂದು ಗುಡ್ಡೆ ಬೀಳುತ್ತದೆ. ಕೆಲವರು ಅಭ್ಯಾಸಬಲದಿಂದ ಸಹಿ ಹಾಕಿ ಬಂದಿರುತ್ತಾರೆ. ಕೆಲವರು ಗೌರವದಿಂದ ಪೂರ್ತಿ ಹೆಸರು, ಕೆಳಗೆ ಎಂ.ಎ., ಬಿ.ಎಡ್. ಇನ್ನು ಕೆಲವರು ಇದೇ ಚಾನ್ಸು ಅಂತ ಬೇಡಿಕೆಗಳನ್ನೂ ಬರೆದಿರುತ್ತಾರೆ. ಹೀಗಾಗಿ ಪ್ರಚಾರದ ಕೊನೆಯ ವಾರದಲ್ಲಿ ಅಭ್ಯರ್ಥಿಗಳು ಭಾಷಣ ಬಿಟ್ಟು ಮಾದರಿ ಮತಪತ್ರ ಹಿಡಿದು, ನಲವತ್ತು ಐವತ್ತರ ಪದವೀಧರರನ್ನು ಕಲ್ಯಾಣ ಮಂಟಪದಲ್ಲಿ ಕೂರಿಸಿಕೊಂಡು ಒಂದು ಬರೆಯುವುದು ಹೇಗೆ ಅಂತ ಹೇಳಿಕೊಡುತ್ತಾರೆ. ಊಟವೂ ಇರುತ್ತದೆ. ಒಂದನೇ ಕ್ಲಾಸು, ಬಿಸಿಯೂಟ, ಎಲ್ಲ ಸರಿಯಾಗಿ ಹೊಂದುತ್ತದೆ.

ಇದರಲ್ಲಿ ಇನ್ನೊಂದು ತಮಾಷೆ ಇದೆ. ಪಕ್ಕದಲ್ಲೇ ಶಿಕ್ಷಕರ ಕ್ಷೇತ್ರ ಅಂತ ಬೇರೆ ಇದೆ, ಅದಕ್ಕೆ ಫಾರಂ 19. ಪ್ರೌಢಶಾಲೆ ಮತ್ತು ಅದಕ್ಕಿಂತ ಮೇಲೆ ಪಾಠ ಮಾಡುವವರಿಗೆ ಮಾತ್ರ ಅಲ್ಲಿ ಓಟು, ಅದೂ ಹಿಂದಿನ ಆರು ವರ್ಷದಲ್ಲಿ ಮೂರು ವರ್ಷ ಪಾಠ ಮಾಡಿರಬೇಕು. ಪ್ರೈಮರಿ ಮೇಷ್ಟ್ರಿಗೆ ಇಲ್ಲ. ನಾಡಿಗೆಲ್ಲ ಕೈ ಹಿಡಿದು 1 ತಿದ್ದಿಸಿದ್ದು ಯಾರು? ಅವರು ಶಿಕ್ಷಕರ ಲೆಕ್ಕದಲ್ಲೇ ಬರುವುದಿಲ್ಲ. ಅವರು ಕಲಿಸಿದ್ದನ್ನು ಮರೆತವರಿಗೆ ಓಟಿದೆ.

ಲೆಕ್ಕ ಹಾಕಿ ನೋಡಿದರೆ ಇನ್ನೂ ಬೇಜಾರಾಗುತ್ತದೆ. ಒಬ್ಬ ಡಿಗ್ರಿ ಕಾಲೇಜು ಲೆಕ್ಚರರ್ ವಿಧಾನಸಭೆಗೆ ಒಂದು ಓಟು ಹಾಕುತ್ತಾರೆ, ಪದವೀಧರ ಅಂತ ಇನ್ನೊಂದು, ಶಿಕ್ಷಕ ಅಂತ ಮತ್ತೊಂದು. ಶ್ರೀನಿವಾಸಪುರದಲ್ಲಿ ಮಾವು ಬೆಳೆಯುವವರಿಗೂ ಶಿಡ್ಲಘಟ್ಟದಲ್ಲಿ ರೇಷ್ಮೆ ಬಿಚ್ಚುವವರಿಗೂ ಒಂದೇ. 75 ಜನರ ಪರಿಷತ್ತಿನಲ್ಲಿ ಪದವೀಧರರಿಗೆ 7, ಶಿಕ್ಷಕರಿಗೆ 7, ರೈತರಿಗೆ, ನೇಕಾರರಿಗೆ, ಆಟೋದವರಿಗೆ ಸೊನ್ನೆ. ಸಂವಿಧಾನ ಬರೆಯುವ ಕಾಲಕ್ಕೆ ಡಿಗ್ರಿ ಆದವರು ಊರಿಗೊಬ್ಬರು ಸಿಗುವುದೂ ಕಷ್ಟ ಇತ್ತು, ಅವರ ಮಾತಿಗೆ ತೂಕ ಕೊಡೋಣ ಅಂದಿರಬಹುದು, ಒಪ್ಪೋಣ. ಈಗ ತುಮಕೂರಿನಿಂದ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ನಿಂತುಕೊಂಡೇ ಹೋಗುವವರಲ್ಲಿ ಮುಕ್ಕಾಲು ಪಾಲು ಪದವೀಧರರೇ. ಕೆಜಿಎಫ್‌ನಿಂದ ಸ್ವಲ್ಪ ಮುಂದೆ ಹೋದರೆ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆ. ಅಲ್ಲಿ 1986ರಲ್ಲೇ ಮೇಲ್ಮನೆ ತೆಗೆದುಹಾಕಿದರು. ಅಲ್ಲಿನ ಪದವೀಧರರಿಗೆ ಈ ವಿಶೇಷ ಓಟು ಇಲ್ಲ. ಅದರಿಂದ ಕೊರಗಿ ಯಾರೂ ಸಣ್ಣಗಾದ ಸುದ್ದಿ ಬಂದಿಲ್ಲ.

ಮತದಾನದ ದಿನ ಗುರುತಿಗೆ ವೋಟರ್ ಐಡಿ ಇಲ್ಲದಿದ್ದರೆ ಆಧಾರ್, ಪಾನ್, ಡ್ರೈವಿಂಗ್ ಲೈಸೆನ್ಸ್ ನಡೆಯುತ್ತದೆ. ವಿಶ್ವವಿದ್ಯಾಲಯ ಕೊಟ್ಟ ಒರಿಜಿನಲ್ ಡಿಗ್ರಿ ಸರ್ಟಿಫಿಕೇಟ್ ಕೂಡ ನಡೆಯುತ್ತದೆ. ನೌಕರಿಯಲ್ಲಿರುವ ಪದವೀಧರರಿಗೆ ಆವತ್ತು ವಿಶೇಷ ಸಾಂದರ್ಭಿಕ ರಜೆ. ನೌಕರಿ ಇಲ್ಲದವರಿಗೆ ರಜೆ ಕೊಡುವ ಆದೇಶ ಯಾರೂ ಹೊರಡಿಸಿಲ್ಲ, ಅವರದ್ದು ಕಾಯಂ ರಜೆ ಅಂತ ಸರ್ಕಾರಕ್ಕೆ ಗೊತ್ತು.

ಅಣ್ಣನ ಮಗ ಖಾಲಿ ಕೂರಲಿಲ್ಲ. ಒಬ್ಬ ಕ್ಯಾಂಡಿಡೇಟ್ ಕಡೆಯವರ ಹತ್ತಿರ ಸೇರಿಕೊಂಡು, ಬೈಕಿನಲ್ಲಿ ಮನೆಮನೆಗೆ ಹೋಗಿ ಫಾರಂ 18 ತುಂಬಿಸಿಕೊಂಡು ಬರುತ್ತಿದ್ದ. ದಿನಕ್ಕೆ ಇಷ್ಟು, ಪೆಟ್ರೋಲ್ ಬೇರೆ. ಡಿಗ್ರಿ ಆದ ಮೇಲೆ ಸಿಕ್ಕ ಮೊದಲ ಕೆಲಸ. ಇಂಟರ್‌ವ್ಯೂನಲ್ಲಿ ಏನು ಕೇಳಿದರೋ ಅಂದೆ. "ಏನಿಲ್ಲ ಚಿಕ್ಕಪ್ಪ, ಡಿಗ್ರಿ ಆಗಿದ್ಯಾ ಅಂದ್ರು, ಆಗಿದೆ ಅಂದೆ. ಸರ್ಟಿಫಿಕೇಟ್ ತೋರಿಸಕ್ಕೆ ಹೋದೆ, ಬೇಡ ಬಿಡಪ್ಪ, ನಂಬಿಕೆ ಇದೆ ಅಂದ್ರು."